ಹೆರಿಗೆ ನಮ್ಮೂರಲ್ಲಿ, ಲೆಕ್ಕ ಗಂಡನೂರಲ್ಲಿ

ಹೆರಿಗೆಯೇ ಅಪರೂಪವಾದ ಊರಿಗೆ ನರ್ಸಮ್ಮ ಯಾಕೆ ಎಂದು ಕೇಳಿದ ಮಾನ್ಯ ಆರೋಗ್ಯಾಧಿಕಾರಿಗಳೇ,

ಶ್ರಾವಣದಲ್ಲಿ ನಮ್ಮೂರಿನ ನರ್ಸಮ್ಮನನ್ನು ಕಿತ್ತುಕೊಂಡಿರಿ. ವರ್ಷಕ್ಕೆ ಎರಡೇ ಹೆರಿಗೆ ಎಂದು ತಮ್ಮ ಪುಸ್ತಕ ಹೇಳುತ್ತದಂತೆ. ಮೂರನೇ ಕ್ಲಾಸಿಗೆ ಬಳಪ ಬಿಟ್ಟವಳು ನಾನು. ಆದರೂ ಹೋದ ವರ್ಷ ನಮ್ಮೂರಲ್ಲಿ ಹನ್ನೊಂದು ಬಾಣಂತಿಯರಿಗೆ ನೀರು ಹಾಕಿದ್ದು ಇದೇ ಕೈ. ಉಳಿದ ಒಂಬತ್ತು ಕೂಸುಗಳನ್ನು ಯಾವ ಬೆಕ್ಕು ಕಚ್ಚಿಕೊಂಡು ಹೋಯಿತು?

ಅದನ್ನು ಕೇಳಲೆಂದೇ ಮಗ ಮಹದೇವಯ್ಯನ ಜೊತೆ ತಮ್ಮ ಕಚೇರಿಗೆ ಬಂದೆ. ನಮ್ಮ ಸೀಮೆ ಮದ್ರಾಸು ಸರ್ಕಾರಕ್ಕೆ ಸೇರಿದ್ದಾಗ ತಮಿಳಿನಲ್ಲಿ ಬೈಸಿಕೊಳ್ಳುತ್ತಿದ್ದೆವು. ಈಗ ಕನ್ನಡದಲ್ಲೇ ಬೈಸಿಕೊಳ್ಳುವ ಭಾಗ್ಯ. ತಾವು ನಗುತ್ತಾ ಬುದ್ಧಿ ಹೇಳಿದಿರಿ: "ಅಜ್ಜಿ, ಮಗು ಅಪ್ಪನ ಊರಿಗೆ ಸೇರಿದ್ದು ತಾನೆ? ಅದಕ್ಕೇ ಅಲ್ಲಿ ಬರೆದಿದ್ದೇವೆ. ನಿಮ್ಮೂರಿನದು ಎರಡೇ."

ಎಷ್ಟು ನಯವಾದ ಮಾತು! ನನ್ನ ಮಗನೇ ತಲೆಯಾಡಿಸಿದ: "ಸಾಯೇಬ್ರು ಯೇಳೋದು ಸರಿಯಾಗೇ ಅದ ಕಣವ್ವ."

"ಅಂಗಾರ ನೋವು ತಿನ್ನೋನು ನಿನ್ನ ಅಳಿಯನೇನ್ಲಾ?" ಎಂದೆ. ತಮ್ಮ ಗುಮಾಸ್ತರು ಕೆಮ್ಮಿದರು.

ಹನೂರಿನಾಚೆ ಕಾಡಂಚಿಗೆ ಕೊಟ್ಟ ನಮ್ಮ ಹೆಣ್ಣುಮಕ್ಕಳು ಚೊಚ್ಚಲಿಗಷ್ಟೇ ಅಲ್ಲ, ಎರಡನೆಯದಕ್ಕೂ ತವರಿಗೇ ಬರುತ್ತಾರೆ. ಅಲ್ಲಿಗೆ ಗಾಡಿ ಹೋಗುವ ದಾರಿಯಿಲ್ಲ. ಕೂಸು ಯಾರ ಮನೆಯದು ಎಂಬುದು ಒಂದು ಮಾತು, ಯಾವ ಚಾಪೆಯ ಮೇಲೆ ಹುಟ್ಟಿತು ಎಂಬುದು ಇನ್ನೊಂದು. ಮೊದಲನೆಯದಕ್ಕೆ ಉತ್ತರ ಕೊಟ್ಟು ಎರಡನೆಯದನ್ನು ನುಂಗಿದಿರಿ. ಗೂಡು ಕೊಳ್ಳುವ ರೇಷ್ಮೆಯವರು ಹೊಳಪಿಗೆ ಮರುಳಾಗುವುದಿಲ್ಲ, ಕಿವಿಯ ಹತ್ತಿರ ಅಲ್ಲಾಡಿಸುತ್ತಾರೆ. ಒಳಗೆ ಹುಳ ಕೊಳೆತಿದ್ದರೆ ಸದ್ದೇ ಬರದು. ತಮ್ಮ ಮಾತನ್ನೂ ಹಾಗೇ ಅಲ್ಲಾಡಿಸಿ ನೋಡಿದೆ. ಒರಟು ಸುಳ್ಳಾಗಿದ್ದರೆ ಅಲ್ಲೇ ಉಗಿಯಬಹುದಿತ್ತು. ಇಂಥ ನಯದ್ದನ್ನು ಉಗಿಯಲು ಈ ಕಾಗದ ಬೇಕಾಯಿತು.

ನರ್ಸಮ್ಮ ಹೋದ ಮೇಲೆ ದೊಡ್ಡಮಾದಪ್ಪನ ಮಗಳು ಪುಟ್ಟಗೌರಮ್ಮ ಎರಡು ದಿನ ನೋವು ತಿಂದಳು. ಕೊಳ್ಳೇಗಾಲಕ್ಕೆ ಗಾಡಿ ಕಟ್ಟಿದೆವು. ಅರ್ಧ ದಾರಿಯಲ್ಲಿ, ನನ್ನ ಮಡಿಲಲ್ಲೇ ಕೂಸು ಬಿತ್ತು. ಅಳಲಿಲ್ಲ. ಅದನ್ನು ಯಾವ ಊರಿಗೆ ಬರೆದುಕೊಂಡಿರಿ, ಮಾನ್ಯರೇ? ದಾರಿಗೂ ಒಂದು ಪುಸ್ತಕ ಇಟ್ಟಿದ್ದೀರಾ?

ಈಗ ನನ್ನ ಮೊಮ್ಮಗಳು, ಇದೇ ಮಹದೇವಯ್ಯನ ಮಗಳು ಸುವರ್ಣಮ್ಮ ತವರಿಗೆ ಬಂದಿದ್ದಾಳೆ. ಚೊಚ್ಚಲು. ಕೂಸು ಅಡ್ಡ ತಿರುಗಿದೆ. ನನ್ನ ಕೈಗೆ ಅದು ತಿಳಿಯುತ್ತದೆ, ತಿರುಗಿಸಲು ಬಾರದು. ಅಮಾವಾಸ್ಯೆಯ ಹೊತ್ತಿಗೆ ದಿನ ತುಂಬುತ್ತದೆ. ಪುಸ್ತಕದಲ್ಲಿ ಯಾವ ಊರಿಗಾದರೂ ಬರೆದುಕೊಳ್ಳಿ. ಅಷ್ಟರೊಳಗೆ ನರ್ಸಮ್ಮನನ್ನು ಮಾತ್ರ ನಮ್ಮೂರಿಗೆ ಕಳಿಸಿ.

ಇಂತಿ,
ಮುತ್ತಜ್ಜಿಯಾಗುವೆನೋ ಇಲ್ಲವೋ ತಿಳಿಯದ
ಚನ್ನಾಜಮ್ಮ
ಧನಗೆರೆ ಪಕ್ಕದ ಊರು