ಪೇಟೆಯಡಿ ಬರಬೇಕಿದ್ದ ರೈಲು

ಅತ್ತೆ, ನಿಮಗೆ ಕೇಳಿಸುತ್ತದೋ ಇಲ್ಲವೋ, ಹೇಳಿಬಿಡುತ್ತೇನೆ. ಇದನ್ನು ಹೇಳಲು ನನಗೆ ಬೇರೆ ಯಾರಿದ್ದಾರೆ?

ಅಳತೆಯವರು ಮೊದಲ ಸಲ ನಮ್ಮ ಬಾಗಿಲಿಗೆ ಬಂದ ದಿನ ನೀವು ಜಗಲಿಯ ಮೇಲೆ ಕೂತು ಅವರೆಕಾಯಿ ಸುಲಿಯುತ್ತಿದ್ದಿರಿ. ಮಧುಗಿರಿಗೆ ರೈಲು ಬರುತ್ತದಂತೆ ಎಂಬ ಮಾತನ್ನು ಎಷ್ಟೋ ವರ್ಷಗಳಿಂದ ಕೇಳುತ್ತಲೇ ಬಂದವರು ನೀವು. ಹಾಗಾಗಿ ತಲೆ ಎತ್ತಲಿಲ್ಲ, ಎಲ್ಲಿ ಬರುತ್ತದಪ್ಪ ಎಂದಷ್ಟೇ ಕೇಳಿದಿರಿ. ಎಂಜಿನಿಯರು ಬೆರಳು ತೋರಿಸಿದ್ದು ನಮ್ಮ ಜಗಲಿಯ ಕೆಳಕ್ಕೆ. ಮೇಲೆ ಕೋಟೆ, ಗುಡಿಗಳು, ಇಕ್ಕಟ್ಟಾದ ಬೀದಿಗಳು. ಅವನ್ನೆಲ್ಲ ಮುಟ್ಟದೆ ಹಳೇಪೇಟೆಯ ಅಡಿಯಲ್ಲೇ ಸುರಂಗ ಕೊರೆದು ರೈಲು ಓಡಿಸುವ ಯೋಜನೆಯಂತೆ. ಅವತ್ತು ಇಡೀ ದಿನ ನಕ್ಕಿರಿ. ನಾನು ಬಡಿಸಲು ಬಂದರೆ, "ಮೆಲ್ಲಗೆ ನಡಿ ಕಣಮ್ಮ, ಕೆಳಗೆ ಜನ ಕೂತವ್ರೆ" ಎಂದು ಮತ್ತೆ ನಕ್ಕಿರಿ. ನೀವು ಹಾಗೆ ನಕ್ಕಿದ್ದು ಅದೇ ಕೊನೆಯೇನೋ.

ರೈಲ್ವೆಯವರು ಕಲ್ಯಾಣ ಮಂಟಪದಲ್ಲಿ ಕರೆದ ಸಭೆಗೆ ನಿಮ್ಮನ್ನು ಕರೆದುಕೊಂಡು ಹೋಗಿದ್ದೆ. ಗೋಡೆಯ ಮೇಲೆ ಪೇಟೆಯ ನಕ್ಷೆ. ಅದರಲ್ಲಿ ಒಂದು ಕೆಂಪು ಗೆರೆ, ನಮ್ಮ ಅಡುಗೆಮನೆಯ ಮೇಲೇ ಹಾದು ಹೋಗಿತ್ತು. ರೈಲು ಬಹಳ ಆಳದಲ್ಲಿ ಹೋಗುತ್ತದೆ, ಮೇಲಿನವರಿಗೆ ಗೊತ್ತೇ ಆಗುವುದಿಲ್ಲ ಎಂದರು ಅಧಿಕಾರಿ. ಪಕ್ಕದ ಮನೆಯ ಟೈಲರ್ ಖಾದರ್ ಸಾಬರು ಮಸೀದಿಯ ಗೋಡೆಯ ಬಗ್ಗೆ ಕೇಳಿದರು, ಜವಳಿ ಅಂಗಡಿಯವರು ಗಿರಾಕಿಗಳ ಬಗ್ಗೆ ಕೇಳಿದರು. ಆಮೇಲೆ ನೀವು ಸೆರಗು ಹೊದ್ದುಕೊಂಡು ಎದ್ದಿರಿ. "ನಮ್ಮ ಮನೇಲಿ ಬಾಣಂತೀರು ಮಲಗ್ತಾರೆ, ಸಾಯೋರೂ ಮಲಗ್ತಾರೆ. ಆಗ ನಿಮ್ಮ ರೈಲು ಸ್ವಲ್ಪ ಹೊತ್ತು ನಿಂತ್ಕಂಡು ಹೋಗ್ತೈತಾ?" ಸಭೆ ಗೊಳ್ಳೆಂದು ನಕ್ಕಿತು. ಆದರೆ ನೀವು ತಮಾಷೆಗೆ ಕೇಳಿರಲಿಲ್ಲ. ಆ ಮನೆಯಲ್ಲೇ ನಾಲ್ಕು ಹೆತ್ತವರು, ಅದೇ ಮನೆಯಲ್ಲಿ ಮಾವನವರ ಬಾಯಿಗೆ ನೀರು ಬಿಟ್ಟವರು ನೀವು...

ಕೆಳಗಿನ ಬಂಡೆ ಹೇಗಿದೆಯೆಂದು ಪರೀಕ್ಷಿಸಲು ಹಿತ್ತಿಲಿನ ಬಾವಿಯ ಪಕ್ಕ ಕೊರೆಯುವ ಯಂತ್ರ ತಂದು ನಿಲ್ಲಿಸಿದಾಗ ನೀವು ಬೈಯುತ್ತೀರಿ ಅಂದುಕೊಂಡಿದ್ದೆ. ಬೈಯಲಿಲ್ಲ. ಕೆಲಸದವರಿಗೆ ಮಜ್ಜಿಗೆ ಕೊಡಿಸಿದಿರಿ. ಕೆಳಗಿನಿಂದ ತೆಗೆದ ಬಂಡೆಯ ತುಂಡುಗಳನ್ನು ಮರದ ಪೆಟ್ಟಿಗೆಗಳಲ್ಲಿ ಜೋಡಿಸಿದ್ದರು. ಅವನ್ನು ಮುಟ್ಟಿ ಮುಟ್ಟಿ ನೋಡಿದಿರಿ. ವಾರ ಕಳೆಯುವುದರೊಳಗೆ ಬಾವಿಯ ನೀರು ಕದಡಿತು, ಆಮೇಲೆ ಇಳಿದೇ ಹೋಯಿತು. ದೇವರ ಕೋಣೆಯ ಮಣ್ಣಿನ ಗೋಡೆ ಬಿರಿಯಿತು. ಬಿರುಕು ಬೆಳೆಯುತ್ತಿದೆಯೋ ಇಲ್ಲವೋ ತಿಳಿಯಲು ಅದರ ಮೇಲೆ ಅಡ್ಡಲಾಗಿ ಗಾಜಿನ ಪಟ್ಟಿ ಅಂಟಿಸಿ ಹೋದರು. ಗಾಜು ಒಡೆಯಿತು. ಬೇರೆ ಅಂಟಿಸಿದರು. ಅದೂ ಒಡೆಯಿತು. ಮನೆ ವಾಸಕ್ಕೆ ಯೋಗ್ಯವಲ್ಲ, ಗೋಡೆ ಬೀದಿಗೆ ಬಿದ್ದರೆ ಜೀವಹಾನಿ, ಕೆಡವಲೇಬೇಕು ಎಂದರು. ನಿಮ್ಮ ಮಗ ನೋಟಿಸು ಹಿಡಿದುಕೊಂಡು ಕಚೇರಿಯಿಂದ ಕಚೇರಿಗೆ ಅಲೆದರು. ಕೊನೆಗೆ ಒಂದು ಸಂಜೆ ಬಂದು, ಅವ್ವ, ಗಂಟು ಕಟ್ಟು ಎಂದರು. ನೀವು ದೇವರ ಫೋಟೋಗಳನ್ನು ಇಳಿಸತೊಡಗಿದಿರಿ. ಜಗಳವಾಡಿದ್ದರೆ ಚೆನ್ನಾಗಿತ್ತು ಅತ್ತೆ. ಯಾಕೆ ಆಡಲಿಲ್ಲ?

ಊರಾಚೆಯ ಬಡಾವಣೆಯ ಬಾಡಿಗೆ ಮನೆಯಲ್ಲಿ ನಿಮಗೆ ದಿಕ್ಕೇ ತಿಳಿಯಲಿಲ್ಲ. ಬೆಳಗ್ಗೆ ಎದ್ದು ಬಿಂದಿಗೆ ಹಿಡಿದು ಹಿತ್ತಿಲ ಬಾಗಿಲು ಹುಡುಕುತ್ತಿದ್ದಿರಿ. ಅಲ್ಲಿ ಗೋಡೆ. ಮನೆಗೆ ಹೋಗೋಣ ನಡಿ ಎಂದು ನನ್ನನ್ನು ದಿನಾ ಕೇಳುತ್ತಿದ್ದಿರಿ. ಅಷ್ಟರಲ್ಲಿ ಬೀದಿ ಖಾಲಿಯಾಗುತ್ತಿತ್ತು. ನಮ್ಮದು ಬಿರಿದದ್ದು ನೋಡಿ ಉಳಿದವರಿಗೂ ಹೆದರಿಕೆ. ಖಾದರ್ ಸಾಬರು ಹೊಲಿಗೆ ಮಿಷನ್ನು ಟೆಂಪೋಗೆ ಏರಿಸಿ ಶಿರಾದಲ್ಲಿರುವ ಮಗಳ ಮನೆಗೆ ಹೊರಟರು. ಜವಳಿ ಅಂಗಡಿಯವರು ಕೊರಟಗೆರೆಗೆ ಹೋದರು.

ಕೊನೆಗೆ ಒಂದು ದಿನ ನಿಮ್ಮನ್ನು ಆಟೋದಲ್ಲಿ ಕೂರಿಸಿಕೊಂಡು ಹೋದೆ. ನಿಮ್ಮ ಮಗ ಬೇಡವೆಂದಿದ್ದರು. ಬೀದಿಗೆ ಅಡ್ಡಲಾಗಿ ತಗಡಿನ ಶೀಟುಗಳು. ನಮ್ಮ ಮನೆ ಇದ್ದ ಕಡೆ ಎರಡು ಶೀಟುಗಳ ಮಧ್ಯೆ ಸಂದು ಇತ್ತು. ನೀವು ಅದಕ್ಕೆ ಮುಖ ಒತ್ತಿ ಬಹಳ ಹೊತ್ತು ನಿಂತಿರಿ. ಮಾಡು ಹೋಗಿತ್ತು, ಗೋಡೆಗಳು ಹೋಗಿದ್ದವು, ಅಡುಗೆಮನೆಯ ಒಂದು ಮೂಲೆ ಮಾತ್ರ ಇನ್ನೂ ನಿಂತಿತ್ತು. ಆಮೇಲೆ ನನ್ನ ಕೈ ಹಿಡಿದು ಮೆಲ್ಲಗೆ ಹೇಳಿದಿರಿ: "ಒಲೆ ಮೇಲೆ ಬಿಸಿಲು ಬಿದ್ದೈತೆ ಕಣಮ್ಮ."

ಅವತ್ತಿನಿಂದ ಮನೆಗೆ ಹೋಗೋಣ ಎಂದು ನೀವು ಕೇಳಲಿಲ್ಲ. ಊಟ ಕೇಳಲಿಲ್ಲ, ನೀರು ಕೇಳಲಿಲ್ಲ. ಡಾಕ್ಟರು ವಯಸ್ಸಾಗಿದೆ ಎಂದರು. ವಯಸ್ಸು ಹಿಂದಿನ ತಿಂಗಳೂ ಇರಲಿಲ್ಲವೇ?

ನೀವು ಹೋದ ಬೆಳಗ್ಗೆ ಬಾಡಿಗೆ ಮನೆಯ ಮಾಲೀಕರು ಬಂದು ಕೈಮುಗಿದರು. ಕೆಟ್ಟವರಲ್ಲ ಪಾಪ. ಮಗಳ ಮದುವೆ ಗೊತ್ತಾಗಿದೆ, ದೇಹವನ್ನು ಒಳಗೆ ಇಡಬೇಡಿ ಎಂದರು. ರಸ್ತೆಯಲ್ಲಿ ಶಾಮಿಯಾನ ಹಾಕಿಸಿ, ಅದರ ಕೆಳಗೆ ನಿಮ್ಮನ್ನು ಕೂರಿಸಿದೆವು. ಹಣೆಗೆ ವಿಭೂತಿ ಹಚ್ಚಿದವಳು ನಾನೇ. ಬಿದಿರಿನ ವಿಮಾನ ಕಟ್ಟಿ, ಅದರಲ್ಲಿ ನಿಮ್ಮನ್ನು ಕೂರಿಸಿ ಹೆಗಲ ಮೇಲೆ ಎತ್ತಿದಾಗ, ಹಳೇಪೇಟೆಯ ಬೀದಿಯಲ್ಲಿ ಒಂದು ಸಲ ಹಾಯಿಸಿಕೊಂಡು ಹೋಗೋಣ ಎಂದರು ನಿಮ್ಮ ಮಗ. ದಾರಿ ಮುಚ್ಚಿತ್ತು. ಹೊರಗಿನ ರಸ್ತೆಯಲ್ಲೇ ಸುತ್ತಿ, ಪುರವರದ ನಮ್ಮ ಹೊಲಕ್ಕೆ ಒಯ್ದು ಮಾವನವರ ಪಕ್ಕದಲ್ಲಿ ಮಣ್ಣು ಮಾಡಿದೆವು. ಸಾಯುವವರಿಗಾಗಿ ರೈಲು ನಿಲ್ಲುತ್ತದೋ ಎಂದು ಕೇಳಿದ್ದವರಿಗೆ ಸಾಯಲು ತಮ್ಮದೊಂದು ಕೋಣೆಯೂ...

ಹೋದ ವಾರ ಅದೇ ಮಂಟಪದಲ್ಲಿ ಮತ್ತೆ ಸಭೆ ಕರೆದಿದ್ದರು. ಅಧಿಕಾರಿ ಹೊಸಬರು, ನಕ್ಷೆಯೂ ಹೊಸದು. ಪೇಟೆಯ ಕೆಳಗಿನ ಬಂಡೆ ಒಡಕಲು, ನಡುವೆ ನೀರು ಹರಿಯುತ್ತದೆ, ಸುರಂಗ ಕೊರೆಯುವುದು ಕ್ಷೇಮವಲ್ಲ. ಆದ್ದರಿಂದ ಆ ಯೋಜನೆ ಕೈಬಿಟ್ಟಿದ್ದಾರೆ. ರೈಲು ಊರಿನ ಹೊರಗೆ, ನೆಲದ ಮೇಲೇ ಹೋಗುತ್ತದೆ. ಕೇಳಿದಿರಾ ಅತ್ತೆ? ನಮ್ಮ ಬೀದಿಯ ಅಡಿಯಲ್ಲಿ ಯಾವ ರೈಲೂ ಬರುವುದಿಲ್ಲ. ನಿಮಗೆಲ್ಲ ಸಂತೋಷದ ಸುದ್ದಿ ಎಂದರು ಅಧಿಕಾರಿ. ಮಂಟಪದಲ್ಲಿ ಇದ್ದವರೇ ಕೆಲವರು. ಯಾರೂ ಚಪ್ಪಾಳೆ ತಟ್ಟಲಿಲ್ಲ. ನಿಮ್ಮ ಮಗ ಎದ್ದು ನಿಂತರು. "ಮತ್ತೆ ನಮ್ಮ ಮನೆ, ಸಾರ್?" ಎಂದರು. ಜಾಗ ನಿಮ್ಮದೇ, ವಾಪಸ್ಸು ಕೊಡುತ್ತೇವೆ ಎಂದು ಅಧಿಕಾರಿ ಸಮಾಧಾನದಿಂದಲೇ ಹೇಳಿದರು. ನಿಮ್ಮ ಮಗ ಕೂತುಬಿಟ್ಟರು.

ಆ ಸಂಜೆಯೇ ಖಾದರ್ ಸಾಬರಿಗೆ ಫೋನು ಮಾಡಿದೆ. ವಾಪಸ್ಸು ಬನ್ನಿ ಎಂದೆ. "ಯಾರವ್ರೆ ಅಂತ ಬರ್ಲಿ ಬೇಟಿ? ಅಮ್ಮನೂ ಹೋಗ್ಬುಟ್ರು" ಎಂದರು.

ನಿನ್ನೆ ನಾನೊಬ್ಬಳೇ ಹೋಗಿ ನೋಡಿ ಬಂದೆ. ಶೀಟು ತೆಗೆದಿದ್ದಾರೆ, ಮಣ್ಣು ಸಮ ಮಾಡಿದ್ದಾರೆ, ಬಾವಿಯನ್ನೂ ಮುಚ್ಚಿದ್ದಾರೆ. ಅಲ್ಲಲ್ಲಿ ಜಾಲಿ ಹುಟ್ಟಿದೆ. ನೀವು ಮಲಗುತ್ತಿದ್ದ ಕೋಣೆ ಎಲ್ಲಿತ್ತು ಎಂದು ಹುಡುಕಿದೆ. ಇಲ್ಲಿ ಅನ್ನಿಸಿತು, ಆಮೇಲೆ ಅಲ್ಲ, ಅಲ್ಲಿ ಅನ್ನಿಸಿತು. ಇಪ್ಪತ್ತು ವರ್ಷ ಗುಡಿಸಿ ಸಾರಿಸಿದ ಮನೆ ಅತ್ತೆ, ನನಗೆ ಗುರುತು ಸಿಗಲಿಲ್ಲ.

ಮಾರಿಬಿಡೋಣ ಎನ್ನುತ್ತಾರೆ ನಿಮ್ಮ ಮಗ. ಅವರು ಆ ಕಡೆ ಕಾಲಿಡುವುದಿಲ್ಲವಂತೆ. ನಾನು ಬೇಡ ಎಂದಿದ್ದೇನೆ. ನಾನಿರುವ ತನಕ ಮಾರಲು ಬಿಡುವುದಿಲ್ಲ, ಇಷ್ಟು ಮಾತು ಕೊಡಬಲ್ಲೆ. ಮತ್ತೆ ಕಟ್ಟುತ್ತೇವೆ ಎಂದು ಹೇಳಲು ಬಾಯಿ ಬರುತ್ತಿಲ್ಲ.

ನಿಮ್ಮ ಸೊಸೆ,
ಗಿರಿಜಾ