ಉಪ್ಪು ಬಿಟ್ಟವನ ಮನೆಯಲ್ಲಿ ಕಡಲು

೯ ಫೆಬ್ರುವರಿ ೨೦೨೫, ಭಾನುವಾರ, ಭದ್ರಾವತಿ

ಬೆಳಗಿನಿಂದ ಒಂದೇ ಭಯ, ಇವತ್ತು ಮೀನು ಸಾಯುತ್ತದೆ ಅಂತ. ಶಿವಮೊಗ್ಗದ ಅಂಗಡಿಯಿಂದ ತಂದ ಸಮುದ್ರದ ಉಪ್ಪನ್ನು ದಿನಕ್ಕಿಷ್ಟೇ ಅಂತ ಕರಗಿಸಿ ತೊಟ್ಟಿಗೆ ಹಾಕುತ್ತಾ ಇಪ್ಪತ್ತೆರಡು ದಿನವಾಯಿತು. ನೀರಿನ ಉಪ್ಪು ಅಳೆಯುವ ಹೈಡ್ರೋಮೀಟರ್ ಇವತ್ತು ಪೂರಾ ಕಡಲಿನ ಗೆರೆ ಮುಟ್ಟಿತು. ಒಳಗಿರುವುದು ಭದ್ರೆಯ ಸಿಹಿನೀರಿನಲ್ಲಿ ಬೆಳೆದ ಒಂದು ಕಪ್ಪು ಮೋಲಿ, ಮೊಟ್ಟೆಯಿಡದೆ ಮರಿಯನ್ನೇ ಹಾಕುವ ಜಾತಿಯ ಮೀನು, ಅದೂ ಬಸುರಿ.

ನನ್ನವಳಿಗೆ ಮೊದಲಿಂದಲೂ ಸಿಟ್ಟು. "ಡಾಕ್ಟ್ರು ನಿಮಗೆ ಉಪ್ಪು ಮುಟ್ಟಬೇಡಿ ಅಂದಿದ್ದಕ್ಕೆ ಆ ಮೀನಿನ ಮೇಲೆ ತೀರಿಸ್ಕೊಳ್ತಾ ಇದೀರಾ?" ಅಂತಿದ್ದಳು.

ಮಧ್ಯಾಹ್ನ ಅವಳೇ ಕೂಗಿದಳು. "ರೀ, ಬೇಗ ಬನ್ನಿ! ಮರಿ ಹಾಕ್ತಾ ಇದೆ!"

ಹೋಗಿ ನೋಡಿದರೆ ಜೀರಿಗೆ ಕಾಳಿಗೆ ಕಣ್ಣು ಬಂದ ಹಾಗೆ ಒಂದು, ಆಮೇಲೆ ಇನ್ನೊಂದು. ಹುಟ್ಟಿದ್ದೇ ತಡ, ಉಪ್ಪುನೀರಿನಲ್ಲಿ ಈಜಿ ಹೊರಟವು. ಈ ಮರಿಗಳಿಗೆ ಭದ್ರೆಯ ಪರಿಚಯವೇ ಇಲ್ಲ.

ಸಿಹಿನೀರಿನ ಮೀನು ನೀರು ಕುಡಿಯುವುದೇ ಕಡಿಮೆಯಂತೆ. ಕಡಲಿನದು ಕುಡಿದೇ ಬದುಕಬೇಕು, ಕುಡಿದ ಉಪ್ಪನ್ನು ಕಿವಿರಿನಿಂದ ಹೊರಹಾಕಬೇಕು. ಹೆಬ್ಬೆರಳಿನಷ್ಟಿರುವ ಈ ಜೀವ ಇಪ್ಪತ್ತೆರಡು ದಿನದಲ್ಲಿ ಒಳಗಿನ ಕಾರುಬಾರನ್ನೆಲ್ಲ ತಿರುಗಿಸಿಕೊಂಡು, ಜೊತೆಗೆ ಹೊಟ್ಟೆಯಲ್ಲಿ ಮಕ್ಕಳನ್ನೂ ಸಾಕಿದೆ. ನನ್ನ ದೇಹ ಒಂದು ಹಪ್ಪಳಕ್ಕೆ ಕಾಲು ಊದಿಸಿಕೊಳ್ಳುತ್ತದೆ. ಕೈ ಮುಗಿಯಬೇಕು ಅನ್ನಿಸಿತು. ಮುಗಿದೆ ಕೂಡ.

ಊಟಕ್ಕೆ ಕೂತರೆ, ಎಷ್ಟೋ ತಿಂಗಳ ಮೇಲೆ, ತಟ್ಟೆಯ ತುದಿಯಲ್ಲಿ ಒಂದೇ ಒಂದು ಹರಳು ಉಪ್ಪು.

"ಬಾಣಂತಿ ಇರೋ ಮನೆ. ಇವತ್ತೊಂದಿನ," ಅಂದಳು.

ನಾಲಿಗೆಯ ಮೇಲಿಟ್ಟುಕೊಂಡೆ. ಅದು ಪೂರಾ ಕರಗಿದ ಮೇಲೆಯೇ ಅನ್ನಕ್ಕೆ ಕೈ ಹಾಕಿದೆ.