ಮಂಚದ ತಲೆದೆಸೆ

ರಾಯಚೂರು
9 ನವೆಂಬರ್ 2025, ಭಾನುವಾರ

ಪ್ರೀತಿಯ ನೇತ್ರಾ,

ದೇವದುರ್ಗದಲ್ಲಿ ನೀನು, ನಿನ್ನ ಯಜಮಾನರು, ಮಗು ಎಲ್ಲರೂ ಚೆನ್ನಾಗಿದ್ದೀರಿ ಎಂದುಕೊಂಡಿದ್ದೇನೆ. ನಾನು ಕ್ಷೇಮ ಎಂದು ಬರೆಯಲು ಕೈ ಬರುತ್ತಿಲ್ಲ. ಈ ಕಾಲದಲ್ಲಿ ಕಾಗದವೇಕೆ ಎಂದು ಹುಬ್ಬೇರಿಸಬೇಡ. ಫೋನಿನಲ್ಲಿ ಹೇಳಿದರೆ ನೀನು ನಡುವೆಯೇ ಕಟ್ ಮಾಡುತ್ತೀ. ಕಾಗದವಾದರೆ ಹರಿಯುವ ಮೊದಲು ಒಮ್ಮೆ ಓದುತ್ತೀ, ನಿನ್ನ ಬುದ್ಧಿ ನನಗೆ ಗೊತ್ತು. ನಮ್ಮ ಓಣಿಯ ಬಳೆಗಾರ್ತಿ ನೂರ್ ಬೀ ನಾಳೆ ನಿಮ್ಮೂರಿಗೆ ಬರುತ್ತಾಳೆ, ಅವಳ ಕೈಯಲ್ಲೇ ಕೊಟ್ಟು ಕಳಿಸುತ್ತೇನೆ.

ಗುರುವಾರ ಕೋರ್ಟಿನಲ್ಲಿ ನನ್ನ ಸಾಕ್ಷಿ. ನಿಂಗರಾಜಣ್ಣ ನಿನ್ನ ತವರು ಚೀಕಲಪರ್ವಿಯ ಮನೆಯ ಗೇಟಿನ ಹತ್ತಿರ ಕೊಲೆಯಾಗಿ ಹದಿನೈದು ತಿಂಗಳಾಯಿತು. ಆ ಕೊಲೆಯ ಆರೋಪದಲ್ಲಿ ಅಂಬರೇಶ ಜೈಲು ಸೇರಿಯೂ ಅಷ್ಟೇ ಆಯಿತು. "ನೀ ಮಾಡಿದ ಕಂಪ್ಯೂಟರ್ ಮನಿ ಒಂದ ಸಾಕಲೇ, ಅವ ಹೊರಗ ಬರಂಗಿಲ್ಲ" ಎಂದು ನೀನು ಹೋದ ತಿಂಗಳೂ ಹೇಳಿದೆ. ಆ ಮನೆಯಲ್ಲಿ ಒಂದು ತಪ್ಪಿದೆ ನೇತ್ರಾ. ತಪ್ಪು ನನ್ನದು.

ನನ್ನ ಕೆಲಸ ನಿನಗೆ ಗೊತ್ತಿರುವುದೇ. ಮೂರು ಕಾಲಿನ ಸ್ಟ್ಯಾಂಡಿನ ಮೇಲೆ ಸ್ಕ್ಯಾನರ್ ಇಟ್ಟು ಅಪರಾಧ ನಡೆದ ಜಾಗವನ್ನು ಮೂಲೆ ಮೂಲೆ ಅಳೆಯುವುದು, ಆಮೇಲೆ ಕಂಪ್ಯೂಟರಿನೊಳಗೆ ಅದೇ ಮನೆಯನ್ನು ಮತ್ತೆ ಕಟ್ಟುವುದು. ಸಾಕ್ಷಿ ಎಲ್ಲಿದ್ದರೋ ಅಲ್ಲಿ ಒಂದು ಕಣ್ಣು ಇಡುತ್ತೇನೆ. ಆ ಕಣ್ಣಿಗೆ ಏನು ಕಂಡೀತು, ಏನು ಕಾಣದು ಎಂದು ಜಡ್ಜ್ ಸಾಹೇಬರು ಪರದೆಯ ಮೇಲೆ ನೋಡುತ್ತಾರೆ. ಪಾಲಿಟೆಕ್ನಿಕ್ಕಿನಲ್ಲಿ ನಾವಿಬ್ಬರೂ ಬಿಸಿಲಲ್ಲಿ ಚೈನು ಎಳೆದು ಹೊಲ ಅಳೆದವರು. ಈಗ ನಾನು ಹೆಣ ಬಿದ್ದ ಅಂಗಳ ಅಳೆಯುತ್ತೇನೆ. ಅಮ್ಮಿ ಮಾತ್ರ ಮಾನ್ವಿಯಲ್ಲಿ ನೆಂಟರಿಗೆಲ್ಲ ನನ್ನ ಮಗಳು ಮನೆಗಳ ನಕ್ಷೆ ಮಾಡುತ್ತಾಳೆ ಎಂದಷ್ಟೇ ಹೇಳುತ್ತಾಳೆ, ಗಂಡು ಸಿಗಲಿ ಎಂದು.

ಆ ದಿನ ಚೀಕಲಪರ್ವಿಗೆ ಹೋಗು ಎಂದಾಗಲೇ, ಅದು ನನ್ನ ಗೆಳತಿಯ ತವರು ಎಂದು ನಾನು ನಮ್ಮ ಆಫೀಸಿನ ಸಾಹೇಬರಿಗೆ ಹೇಳಬೇಕಿತ್ತು. ಹೇಳಲಿಲ್ಲ. ಹೇಳಿದ್ದರೆ ಬೇರೆಯವರನ್ನು ಕಳಿಸುತ್ತಿದ್ದರು. ನಿಂಗರಾಜಣ್ಣನಿಗೆ ನಾನೇ ನ್ಯಾಯ ಕೊಡಿಸುತ್ತೇನೆ ಎಂಬ ಹುಂಬತನ ನನಗೆ. ಹೋಗಿ ನೋಡಿದರೆ ನಿಮ್ಮ ಯವ್ವ ಗೋಡೆಗೆ ಒರಗಿ ಕೂತಿದ್ದಳು. ನನ್ನನ್ನು ನೋಡಿದವಳೇ, "ಉಂಡೀಯೇನಬೇ ನಾಹಿದಾ?" ಎಂದು ಕೇಳಿದಳು. ಮಗನನ್ನು ಮಣ್ಣು ಮಾಡಿ ಒಂದು ದಿನವಾಗಿರಲಿಲ್ಲ.

ಜ್ವರ ಬಂದು ಮಧ್ಯಾಹ್ನ ಮಂಚದ ಮೇಲೆ ಮಲಗಿದ್ದೆ, ಬಾಗಿಲೊಳಗಿಂದ ಅಂಬರೇಶ ಹೊಡೆಯುವುದನ್ನು ಕಂಡೆ ಎಂದು ಯವ್ವ ಪೊಲೀಸರಿಗೆ ಹೇಳಿದ್ದಳು. ನಮ್ಮ ಫಾರ್ಮಿನಲ್ಲಿ ಒಂದು ಕಾಲಂ ಇರುತ್ತದೆ, ಸಾಕ್ಷಿಯ ತಲೆ ಯಾವ ಕಡೆಗಿತ್ತು ಎಂದು. ಕೇಳಿಯೇ ಬರೆಯಬೇಕು. ಸೂತಕದ ಮನೆಯಲ್ಲಿ ಹಾಸಿಗೆ ಕೌದಿಯನ್ನೆಲ್ಲ ಹೊಳೆಗೆ ಒಗೆಯಲು ಒಯ್ದಿದ್ದರು, ಬರೀ ಮಂಚವಿತ್ತು, ದಿಂಬಿನ ಗುರುತೂ ಇರಲಿಲ್ಲ. ಯವ್ವನ ಮುಖ ನೋಡಿ ಕೇಳುವ ಧೈರ್ಯ ನನಗಾಗಲಿಲ್ಲ. ಉತ್ತರ ದಿಕ್ಕು ಎಂದು ನಾನೇ ಬರೆದುಕೊಂಡು ಬಂದೆ. ಉತ್ತರದ ತುದಿಯಲ್ಲಿ ಕಣ್ಣಿಟ್ಟರೆ ಬಾಗಿಲು, ಅಂಗಳ, ಗೇಟು ಎಲ್ಲವೂ ನಿಚ್ಚಳವಾಗಿ ಕಾಣುತ್ತಿತ್ತು. ನನಗೂ ಸಮಾಧಾನವಾಯಿತು.

ಹೋದ ಭಾನುವಾರ ಮಾನ್ವಿಗೆ ಹೋಗಿದ್ದೆ. ಅಮ್ಮಿ ಹೊಸ ಫ್ಯಾನ್ ಹಾಕಿಸಿದ್ದಾಳೆ. ಉಂಡಾದ ಮೇಲೆ ಮಂಚವನ್ನು ಅದರಡಿಗೆ ಅಡ್ಡ ಎಳೆದು ಉರುಳಿಕೊಂಡೆ. ಅಮ್ಮಿ ಓಡಿ ಬಂದಳು. ನಮಾಜಿಗೆ ಮುಖ ಮಾಡುವ ಕಿಬ್ಲಾ ಕಡೆ ಕಾಲು ಚಾಚುವಷ್ಟು ದೊಡ್ಡವಳಾದೆಯಾ ಎಂದು ದಖ್ಖನಿಯಲ್ಲಿ ಬೈಯುತ್ತ ಮಂಚ ತಿರುಗಿಸಿ, ದಿಂಬನ್ನು ಉತ್ತರಕ್ಕೆ ಇಟ್ಟಳು. ನಮ್ಮ ಮನೆಯಲ್ಲಿ ಎಲ್ಲರೂ ಮಲಗುವುದು ಹಾಗೆಯೇ, ಉತ್ತರಕ್ಕೆ ತಲೆ, ಪಶ್ಚಿಮಕ್ಕೆ ಮುಖ. ದಿಂಬಿಗೆ ತಲೆ ತಾಗಿದ್ದೇ ತಡ, ಎದ್ದು ಕೂತೆ. ನಮ್ಮ ಹಾಸ್ಟೆಲ್ ನೆನಪಾಯಿತು.

"ಉತ್ತರಕ್ಕ ತಲಿ ಹಾಕಬಾರದಲೇ, ನಮ್ಮ ಯವ್ವ ನೋಡಿದರ ಬಡಿತಾಳ" ಎಂದು ಮೊದಲ ವಾರವೆಲ್ಲ ನೀನು ನನ್ನ ದಿಂಬು ಎಳೆಯುತ್ತಿದ್ದೆ. ಕೊನೆಗೆ ಇಬ್ಬರೂ ಸೋಲಲಿಲ್ಲ. ಮೂರು ವರ್ಷ ಪಕ್ಕಪಕ್ಕದ ಮಂಚಗಳಲ್ಲಿ ನಿನ್ನ ಮುಖದ ಕಡೆ ನನ್ನ ಕಾಲು, ನನ್ನ ಮುಖದ ಕಡೆ ನಿನ್ನ ಕಾಲು. ಇಷ್ಟು ಗೊತ್ತಿದ್ದವಳು ನಾನು. ಆದರೂ ಯವ್ವನನ್ನು ನಮ್ಮ ಮನೆಯವಳಂತೆ ಮಲಗಿಸಿಬಿಟ್ಟೆ.

ಸೋಮವಾರ ಆಫೀಸಿಗೆ ಹೋದವಳೇ ಆ ಕಣ್ಣನ್ನು ದಕ್ಷಿಣದ ತುದಿಗೆ ಸರಿಸಿದೆ. ಬಾಗಿಲ ಪಕ್ಕ ನಿಮ್ಮ ಜೋಳ ತುಂಬಿಡುವ ಎತ್ತರದ ಗುಮ್ಮಿ ಇದೆಯಲ್ಲ, ಸಗಣಿ ಬಳಿದದ್ದು, ಪರದೆಯ ತುಂಬ ಅದೊಂದೇ. ಗೇಟು ಕಾಣುವುದಿಲ್ಲ. ತಲೆ ಎತ್ತಿಸಿ ನೋಡಿದೆ, ಮಗ್ಗುಲು ತಿರುಗಿಸಿ ನೋಡಿದೆ. ಕಾಣುವುದಿಲ್ಲ ನೇತ್ರಾ.

ಸುಮ್ಮನಿದ್ದರೆ ಯಾರಿಗೂ ಗೊತ್ತಾಗದು. ಅಂಬರೇಶನ ವಕೀಲರಿಗೆ ಗೋಡೆಯ ಅಳತೆಯ ಮೇಲೆ ಸಂಶಯ ಬಂದೀತೇ ಹೊರತು ತಲೆದೆಸೆಯ ಮೇಲಲ್ಲ. ಆದರೆ ಈ ಕೇಸಿನಲ್ಲಿ ಯವ್ವನ ಕಣ್ಣು ಬಿಟ್ಟರೆ ಉಳಿಯುವುದು, ನಿಮ್ಮ ಕುರಿಗಳು ಅಂಬರೇಶನ ಭತ್ತದ ಸಸಿಮಡಿಗೆ ಬಿದ್ದವೆಂದು ನಡೆದ ಜಗಳ ಒಂದೇ. ಅವನೇ ಹೊಡೆದಿರಬಹುದು. ಹೊಡೆಯದೆಯೂ ಇರಬಹುದು. ನನ್ನ ತಪ್ಪಿನ ಮೇಲೆ ಒಬ್ಬನು ಜನ್ಮವೆಲ್ಲ ಒಳಗಿರುವುದನ್ನು ನಾನು ಹೊರಲಾರೆ. ನಾಳೆ ಬೆಳಿಗ್ಗೆ ತಿದ್ದಿದ ವರದಿ ಕೊಡುತ್ತೇನೆ. ನಿಮ್ಮ ಮನೆಯಲ್ಲಿ ಉಂಡವಳು ನಾನು ಎಂಬುದನ್ನೂ, ಈ ಕಾಗದ ಬರೆದದ್ದನ್ನೂ ಹೇಳುತ್ತೇನೆ. ನೌಕರಿ ಹೋದರೂ ಹೋಗಬಹುದು. ನನಗೆ ಅದಕ್ಕಿಂತ ಭಯ ನಿನ್ನದೇ.

ಯವ್ವನನ್ನು ಈ ಬಗ್ಗೆ ಕೇಳಿಲ್ಲ. ಕೇಳಲು ಮನಸ್ಸೂ ಬಂದಿಲ್ಲ. ಅವಳು ಬೇಕೆಂದೇ ಸುಳ್ಳು ಹೇಳಿದಳೆಂದು ನಾನು ಎಲ್ಲಿಯೂ ಅನ್ನುವುದಿಲ್ಲ, ಅಲ್ಲಿಂದ ಕಾಣುವುದಿಲ್ಲ ಎಂದಷ್ಟೇ ಅನ್ನುತ್ತೇನೆ. ನೀನು ನನ್ನನ್ನು ಬೈ, ನೂರು ಸಲ ಬೈ. ಅಣ್ಣನನ್ನು ಕಳೆದುಕೊಂಡವಳಿಗೆ ನಾನು ಇನ್ನೇನು ಹೇಳಲಿ? ಮಾತು ಮಾತ್ರ ಬಿಡಬೇಡ.

ಮೂರು ವರ್ಷ ನಿನ್ನ ಕಾಲ ಕಡೆ ತಲೆ ಹಾಕಿ ಮಲಗಿದವಳು,
ನಾಹಿದ್

ತಾ.ಕ.: ಯವ್ವನನ್ನು ಕೇಳಿಲ್ಲ ಎಂದು ಮೇಲೆ ಬರೆದೆ. ಅದು ಸುಳ್ಳು. ಮೊನ್ನೆ ಶುಕ್ರವಾರ ಚೀಕಲಪರ್ವಿಗೆ ಹೋಗಿದ್ದೆ. ಅಂದು ಹೇಗೆ ಮಲಗಿದ್ದೆ ಯವ್ವಾ ಎಂದು ಕೇಳಿದೆ. ಅವಳು ಮಂಚದ ಮೇಲೆ ದಕ್ಷಿಣಕ್ಕೆ ತಲೆ ಇಟ್ಟು ಮಲಗಿ ತೋರಿಸಿದಳು, ಆ ಗುಮ್ಮಿಯನ್ನೇ ನೋಡಿದಳು. ಆಮೇಲೆ ಹೇಳಿದಳು: "ಸಪ್ಪಳ ಅಷ್ಟ ಕೇಳೇನಬೇ, ಮುಖ ಕಂಡಿಲ್ಲ. ನೇತ್ರಾ ಫೋನಿನ್ಯಾಗ ಅಳಕೋತ, 'ಹೊಡದಾಂವ ಅಂಬರೇಶನ ಅಲ್ಲೇನಬೇ, ನೀ ನೋಡೀದಿ ಅಲ್ಲೇನು' ಅಂದಳು. ಹೂಂ ಅಂದೆ." ನಿನಗೆ ಇದನ್ನು ಹೇಳಲು ತನಗೆ ಬಾಯಿ ಬರುವುದಿಲ್ಲ, ನೀನೇ ಬರೆ ಎಂದು ನನ್ನ ಕೈ ಹಿಡಿದುಕೊಂಡಳು. ಗುರುವಾರ ಅವಳೂ ಕೋರ್ಟಿಗೆ ಬರುತ್ತಾಳೆ. ಒಬ್ಬಳೇ ಬರುವಂತೆ ಮಾಡಬೇಡ.